ಬೆರಳ ತುದಿಯ ಪ್ರಾಣಪರೀಕ್ಷೆ

ಮೈ ಬಿಸಿಯಾದಾಗ ಜ್ವರಮಾಪಕವನ್ನು ತೆಗೆದು ನೋಡುವ ವಾಡಿಕೆಯು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. 2020 ಮತ್ತು 2021ರ ಕೋವಿಡ್ ಮಹಾಮಾರಿಯ ತರುವಾಯ ಅದರ ಪಕ್ಕದಲ್ಲಿ ಇನ್ನೊಂದು ಉಪಕರಣವು ಬಂದು ಕುಳಿತಿದೆ. ಬಟ್ಟೆಗೆ ಹಾಕುವ ಕ್ಲಿಪ್ಪಿನಂತಿರುವ ಆ ಪಲ್ಸ್ ಆಕ್ಸಿಮೀಟರು ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಔಷಧದಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಕೊಳ್ಳುವುದೇನೋ ಸುಲಭವೇ; ಅದು ಹೇಳುವುದನ್ನು ತಿಳಿದು ಓದುವುದು ಬೇರೆ ಮಾತು. ಆ ವಿಷಯವನ್ನು ವಾಚಕರೊಡನೆ ವಿಚಾರ ಮಾಡಬೇಕೆಂದು ನಾವು ಬಯಸುತ್ತೇವೆ.

ನಾಡಿಯನ್ನು ಹಿಡಿದು ದೇಹಸ್ಥಿತಿಯನ್ನು ಅರಿಯುವ ವಿದ್ಯೆಯು ನಮ್ಮವರಿಗೆ ಹೊಸದಲ್ಲ. ಶಾರ್ಙ್ಗಧರಸಂಹಿತೆಯು ನಾಡಿಯ ಗತಿಯನ್ನು ಹಾವು, ಕಪ್ಪೆ, ಹಂಸ ಮೊದಲಾದವುಗಳ ನಡಿಗೆಗೆ ಹೋಲಿಸಿ ವಾತ-ಪಿತ್ತ-ಕಫಗಳನ್ನು ಗುರುತಿಸುತ್ತದೆ. ಆದರೆ ರಕ್ತದಲ್ಲಿ ಪ್ರಾಣವಾಯುವು ನೂರಕ್ಕೆ ಎಷ್ಟು ಪಾಲು ತುಂಬಿದೆಯೆಂಬುದನ್ನು ಬೆರಳಿನ ಸ್ಪರ್ಶಮಾತ್ರದಿಂದ ಎಣಿಸುವುದು ಯಾವ ವೈದ್ಯನಿಗೂ ಸಾಧ್ಯವಿಲ್ಲ. ಅದಕ್ಕೆ ದಾರಿ ತೋರಿದವರು ಜಪಾನದ ಎಂಜಿನಿಯರ್ ಟಕುವೊ ಅಯೊಯಾಗಿಯವರು. ನಿಹೋನ್ ಕೊಹ್ಡೆನ್ ಸಂಸ್ಥೆಯಲ್ಲಿದ್ದ ಅವರು 1974ರಲ್ಲಿ ತಮ್ಮ ಉಪಾಯವನ್ನು ಪ್ರಕಟಿಸಿದರು. ಲೋಕವೆಲ್ಲ ಆ ಉಪಕರಣಕ್ಕಾಗಿ ಕೈಚಾಚುತ್ತಿದ್ದ 2020ರ ಎಪ್ರಿಲ್ ತಿಂಗಳಲ್ಲಿಯೇ ಅವರು ತೀರಿಕೊಂಡರು.

ಉಪಾಯವು ಹೀಗಿದೆ. ಉಪಕರಣವು ಬೆರಳಿನ ಒಂದು ಬದಿಯಿಂದ ಎರಡು ಬಗೆಯ ಬೆಳಕನ್ನು ಹಾಯಿಸುತ್ತದೆ: ಒಂದು ಕಣ್ಣಿಗೆ ಕಾಣುವ ಕೆಂಪು, ಇನ್ನೊಂದು ಕಾಣದ ಅವಕೆಂಪು. ಪ್ರಾಣವಾಯುವನ್ನು ಹೊತ್ತ ಹಿಮೋಗ್ಲೋಬಿನ್ ಅವಕೆಂಪನ್ನು ಹೆಚ್ಚಾಗಿ ಹೀರುತ್ತದೆ. ಬರಿದಾದ ಹಿಮೋಗ್ಲೋಬಿನ್ ಕೆಂಪನ್ನು ಹೆಚ್ಚಾಗಿ ಹೀರುತ್ತದೆ. ಚರ್ಮ, ಎಲುಬುಗಳು ಹೀರುವ ಬೆಳಕು ಸದಾ ಒಂದೇ ಸಮನಾಗಿರುವುದು. ನಾಡಿಯೊಡನೆ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಶುದ್ಧರಕ್ತದ ಸ್ಥಿತಿಯು ತಿಳಿಯುತ್ತದೆ. ಅಯೊಯಾಗಿಯವರ ಜಾಣ್ಮೆಯು ಇದರಲ್ಲಿಯೇ ಇದೆ.

ಪರೀಕ್ಷೆಗೆ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಉಗುರಿನ ಬಣ್ಣವನ್ನು ಒರೆಸಬೇಕು; ಗೋರಂಟಿ ಹಚ್ಚಿದ ಬೆರಳನ್ನು ಬಿಟ್ಟು ಬೇರೊಂದನ್ನು ಆರಿಸಬೇಕು; ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಅಂಕಿಯು ಸ್ಥಿರವಾಗುವ ತನಕ, ಸುಮಾರು ಒಂದು ನಿಮಿಷ, ಕೈಯನ್ನು ಅಲುಗಿಸಬಾರದು. ಉಪಕರಣದಲ್ಲಿ ಕಾಣುವ ಎರಡು ಅಂಕಿಗಳಲ್ಲಿ ಒಂದು ಪ್ರಾಣವಾಯುವಿನದು, ಇನ್ನೊಂದು ನಿಮಿಷಕ್ಕೆ ನಾಡಿಯ ಮಿಡಿತದ್ದು. ಇವೆರಡನ್ನು ಬೆರೆಸಬಾರದು. ತಲೆಕೆಳಗಾಗಿ ಓದಿದರೆ 86 ಎಂಬುದು 98 ಆಗಿ ಕಾಣುವುದೆಂಬುದನ್ನೂ ಮರೆಯಬಾರದು. ದೊಡ್ಡವರ ಬೆರಳಿಗೆಂದು ಮಾಡಿದುದನ್ನು ಕೂಸುಗಳಿಗೆ ಹಾಕಿದರೆ ಬಂದ ಅಂಕಿಯನ್ನು ನಂಬಲಾಗದು.

ಇನ್ನು ಅಂಕಿಯ ಅರ್ಥ. ಶಾಲೆಯಲ್ಲಿ ನೂರಕ್ಕೆ 90 ಪಡೆದ ಹುಡುಗನ ಬೆನ್ನು ತಟ್ಟುತ್ತ ನಾವು ಆಯುಷ್ಯವನ್ನು ಕಳೆದೆವು. ಈ ಪರೀಕ್ಷೆಯ ಲೆಕ್ಕವೇ ಬೇರೆ. ಆರೋಗ್ಯವಂತನಿಗೆ 95ರಿಂದ 100 ಇರತಕ್ಕದ್ದು. ಮತ್ತೆ ಮತ್ತೆ ನೋಡಿದರೂ 94 ಅಥವಾ ಅದಕ್ಕೂ ಕಡಿಮೆ ಬಂದರೆ ಅಂದೇ ವೈದ್ಯರನ್ನು ಕಾಣಬೇಕು. 90ಕ್ಕಿಂತ ಕೆಳಗಿಳಿದರೆ ನಾಳೆಯೆಂಬ ಮಾತಿಲ್ಲ, 108ಕ್ಕೆ ಕರೆಮಾಡತಕ್ಕದ್ದು. ಮೊದಮೊದಲು ನಿಧಾನವಾಗಿ ಇಳಿಯುವ ಈ ಅಂಕಿಯು 90ರ ಕೆಳಗೆ ಕಡಿದಾದ ದಿಬ್ಬದಿಂದ ಜಾರಿದಂತೆ ಬೇಗನೆ ಇಳಿಯುತ್ತದೆ. ದೀರ್ಘಕಾಲದ ಶ್ವಾಸಕೋಶರೋಗವಿದ್ದವರಿಗೆ ವೈದ್ಯರು 88ರಿಂದ 92ರ ಗುರಿಯನ್ನು ಇಡುವುದುಂಟು. ಅಂಥವರು ತಮ್ಮ ವೈದ್ಯರು ಹೇಳಿದ ಅಂಕಿಯನ್ನೇ ಪ್ರಮಾಣವೆಂದು ತಿಳಿಯಬೇಕು.

ಆದುದರಿಂದ ಮನೆಯಲ್ಲಿ ಎಲ್ಲರೂ ನೆಟ್ಟಗಿರುವಾಗಲೇ ಒಮ್ಮೆ ಅಳೆದು, ದಿನಾಂಕಸಹಿತ ಬರೆದಿಡುವುದು ಒಳ್ಳೆಯದು. ಬನಹಟ್ಟಿ-ರಬಕವಿಗಳ ಮಗ್ಗಗಳ ಮುಂದೆ ಹತ್ತಿಯ ಧೂಳನ್ನು ಕುಡಿಯುತ್ತ ಬಾಳಿದ ನೇಕಾರನಿಗೂ, ಮುಧೋಳದ ಸೀಮೆಯ ಗಾಣದ ಮನೆಯಲ್ಲಿ ಕೊಪ್ಪರಿಗೆಯ ಹೊಗೆಯನ್ನುಂಡವನಿಗೂ ಇದು ಹೆಚ್ಚು ಅವಶ್ಯ. ನಿತ್ಯದ ಅಂಕಿ ಗೊತ್ತಿದ್ದರೆ ತಾನೆ ಇಳಿದ ಅಂಕಿಯು ಗೊತ್ತಾಗುವುದು?

ಈ ಉಪಕರಣಕ್ಕೆ ಕಾಣದ ಸಂಗತಿಗಳೂ ಇವೆ. ಮುಚ್ಚಿದ ಕೋಣೆಯಲ್ಲಿ ಇದ್ದಲಿಯ ಅಗ್ಗಿಷ್ಟಿಕೆಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವು ರಕ್ತವನ್ನು ಸೇರಿದರೆ, ಇದು ಅದನ್ನು ಪ್ರಾಣವಾಯುವೆಂದೇ ಎಣಿಸಿ ಒಳ್ಳೆಯ ಅಂಕಿಯನ್ನು ತೋರಿಸೀತು. ರಕ್ತಹೀನತೆಯಿಂದ ಬಳಲುವ ಗೃಹಿಣಿಗೂ 98 ಬರಬಹುದು. ಬಂಡಿಗಳು ಕೆಲವೇ ಇದ್ದು, ಇದ್ದವೆಲ್ಲ ತುಂಬಿರುವಂತೆ ಇದು. ಕಪ್ಪುಬಣ್ಣದ ಚರ್ಮದವರಲ್ಲಿ ಈ ಉಪಕರಣವು ಇದ್ದುದಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸುವುದುಂಟೆಂದು 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಶ್ಯಾಮವರ್ಣದ ನಮ್ಮ ಜನರು ಇದನ್ನು ಗಮನದಲ್ಲಿಡಬೇಕು. ಹಾಗೆ ನೋಡಿದರೆ ಎಂಥ ಬೆರಳಿನಲ್ಲಿಯೂ ಎರಡು-ನಾಲ್ಕು ಅಂಕಿಗಳ ಹೆಚ್ಚುಕಡಿಮೆಯು ಇದ್ದದ್ದೇ.

ಕೋವಿಡ್ ಕಾಲದಲ್ಲಿ ವೈದ್ಯರಿಗೆ ಒಂದು ವಿಚಿತ್ರವು ಕಂಡುಬಂದಿತು. ರೋಗಿಯು ಎದ್ದು ಕುಳಿತು ಮಾತಾಡುತ್ತಿರುವನು, ಏದುಸಿರೂ ಇಲ್ಲ. ಆದರೆ ಪ್ರಾಣವಾಯುವು ಅಪಾಯದ ಮಟ್ಟಕ್ಕೆ ಇಳಿದುಹೋಗಿರುವುದು. ಇಂಥ ಗುಟ್ಟಿನ ವೈರಿಯನ್ನು ಹೊರಗೆಡಹುವುದರಲ್ಲಿ ಈ ಚಿಕ್ಕ ಉಪಕರಣವು ದೊಡ್ಡ ಉಪಕಾರವನ್ನು ಮಾಡಿದೆ. ಇದಕ್ಕೆ ವಿರುದ್ಧವಾದುದೂ ಸತ್ಯವೇ: ಅಂಕಿಯು 97 ಇದ್ದರೂ ಎದೆನೋವು, ಮೇಲುಸಿರು, ತುಟಿ ನೀಲಿಯಾಗುವುದು, ಮಂಪರು ಇವುಗಳಲ್ಲಿ ಯಾವುದೊಂದು ತೋರಿದರೂ ಅಂಕಿಯನ್ನು ನಂಬಿ ಕೂಡ್ರಬಾರದು.

ಕೃಷ್ಣಾ-ಘಟಪ್ರಭೆಗಳ ದಂಡೆಯ ಹಳ್ಳಿಗಳಿಂದ ತಾಲೂಕಿನ ಆಸ್ಪತ್ರೆಗೆ, ಅಲ್ಲಿಂದ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ರಾತ್ರಿಯ ಹೊತ್ತು ಮುಟ್ಟುವುದಕ್ಕೆ ಎಷ್ಟು ಸಮಯ ಬೇಕೆಂಬುದನ್ನು ನಮ್ಮ ವಾಚಕರು ಬಲ್ಲರು. ನಮ್ಮಂಥವರ ಮನೆಯಲ್ಲಿ ಈ ಉಪಕರಣವು ಉಳಿಸಿಕೊಡಬಹುದಾದದ್ದು ಆ ಸಮಯವನ್ನೇ. ಅಂಕಿಯು ಇಳಿದಾಗ ಮನುಷ್ಯನು ಗಟ್ಟಿಯಾಗಿ ಕಾಣುತ್ತಾನೆಂದು ತಡಮಾಡಬಾರದು. ಮನುಷ್ಯನು ಬಳಲಿದಾಗ ಅಂಕಿಯು ಚೆನ್ನಾಗಿದೆಯೆಂದು ತಡಮಾಡಬಾರದು. ಇಷ್ಟನ್ನು ಮನೆಯ ಹೆಂಗಸರು, ಮಕ್ಕಳು ಎಲ್ಲರೂ ತಿಳಿದಿದ್ದರೆ ಕೊಂಡ ಹಣವು ಸಾರ್ಥಕವಾದೀತು.