ಗಾಲಿಯ ಮೇಲಿನ ಬಿಡಾರ: ನ್ಯೂಜಿಲೆಂಡಿನಲ್ಲಿ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿಯುವ ಮುನ್ನ

ಮುಂಬಯಿಯಲ್ಲಿ ಬಾಡಿಗೆ ಮನೆ ಹುಡುಕಿದ ಕನ್ನಡಿಗನಿಗೆ ಠೇವಣಿ, ಹನ್ನೊಂದು ತಿಂಗಳ ಕರಾರುಪತ್ರ, ನೀರು ಬರುವ ವೇಳೆ, ಶೌಚಾಲಯವು ಒಳಗೋ ಹೊರಗೋ ಎಂಬ ವಿಚಾರಣೆ ಇವಾವುವೂ ಹೊಸತಲ್ಲ. ಈ ಅನುಭವವು ಸಮುದ್ರದಾಚೆಯಲ್ಲಿಯೂ ಉಪಯೋಗಕ್ಕೆ ಬರುತ್ತದೆಯೆಂದರೆ ವಾಚಕರಿಗೆ ಆಶ್ಚರ್ಯವೆನಿಸಬಹುದು. ಮಲಗುವ ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ, ಶೌಚಾಲಯಗಳನ್ನೆಲ್ಲ ಒಡಲಲ್ಲಿಟ್ಟುಕೊಂಡು ಹೆದ್ದಾರಿಯಲ್ಲಿ ಚಲಿಸುವ ಕ್ಯಾಂಪರ್‌ವ್ಯಾನ್ ಎಂಬ ವಾಹನವೂ ಕೊನೆಗೆ ಒಂದು ಬಾಡಿಗೆ ಮನೆಯೇ. ನ್ಯೂಜಿಲೆಂಡಿನಲ್ಲಿ ಇಂಥ ವಾಹನಗಳನ್ನು ಬಾಡಿಗೆಗೆ ಕೊಡುವುದು ದೊಡ್ಡ ಉದ್ಯಮವಾಗಿ ಬೆಳೆದಿದೆ. ಮಕ್ಕಳೋ ಬಂಧುಗಳೋ ಆಕ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಸದಸ್ಯರು ಕೆಲವರು ಈ ಬಗ್ಗೆ ವಿಚಾರಿಸಿದುದರಿಂದ, ಮೂರು ವಾರಗಳ ಪ್ರವಾಸದ ಲೆಕ್ಕಾಚಾರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ಐವರ ಸಂಸಾರ. ನಾವು ದಂಪತಿಗಳು, ಇಬ್ಬರು ಮಕ್ಕಳು ಮತ್ತು ಎಪ್ಪತ್ತೆರಡರ ನನ್ನ ತಂದೆಯವರು. ರಕ್ತದೊತ್ತಡಕ್ಕಾಗಿ ಅವರು ಬಹು ವರ್ಷಗಳಿಂದ ಔಷಧ ಸೇವಿಸುತ್ತಿದ್ದು, ಅವುಗಳಲ್ಲೊಂದು ಮೂತ್ರವರ್ಧಕ. ರಾತ್ರಿ ಎರಡು ಮೂರು ಬಾರಿ ಏಳದೆ ಅವರಿಗೆ ನಿರ್ವಾಹವಿಲ್ಲ. ಕುಂದಾಪುರಕ್ಕೆ ಬಸ್ಸಿನಲ್ಲಿ ಹೊರಡುವ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುವುದು ಅವರ ರೂಢಿ. ಮೂತ್ರವರ್ಧಕವನ್ನು ಸೇವಿಸುತ್ತ ನೀರನ್ನು ತ್ಯಜಿಸುವುದು ಎಂಥ ಅಪಾಯವೆಂಬುದನ್ನು ನಮ್ಮ ವೈದ್ಯರು ಸ್ಪಷ್ಟವಾಗಿಯೇ ಹೇಳಿದ್ದರು: ರಕ್ತದೊತ್ತಡವು ಹಠಾತ್ತನೆ ಕುಸಿದು ತಲೆ ತಿರುಗಬಹುದು, ಮೂತ್ರಕೋಶದ ಸೋಂಕು ತಗಲಬಹುದು, ಮೂತ್ರಪಿಂಡಗಳಿಗೂ ಕೇಡು. ವೃದ್ಧರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ" ಎನ್ನುತ್ತಾರೆ. ತಾಯಿಯವರು ತೀರಿಕೊಂಡ ಮೇಲೆ ಅವರನ್ನು ಒಂದು ರಾತ್ರಿಯೂ ಒಂಟಿಯಾಗಿ ಬಿಟ್ಟವರಲ್ಲ ನಾವು. ಆದುದರಿಂದ ವಾಹನದ ಆಯ್ಕೆಯೆಂದರೆ ನಮ್ಮ ಮಟ್ಟಿಗೆ ತಂದೆಯವರು ಬರುವರೋ ಇಲ್ಲವೋ ಎಂಬ ಪ್ರಶ್ನೆಯೇ ಆಗಿತ್ತು.

ಅತಿ ಅಗ್ಗದ ವಾಹನವೆಂದರೆ ಸಣ್ಣ ವ್ಯಾನಿನೊಳಗೆ ಹಾಸಿಗೆ ಹಾಸಿ, ಹಿಂಬದಿಯ ಬಾಗಿಲೆತ್ತಿ ಅಡಿಗೆ ಮಾಡುವಂಥದು. ತರುಣರಿಗೆ ಅದು ಸಾಕು. ಶೌಚಾಲಯವುಳ್ಳ ಎರಡು, ನಾಲ್ಕು, ಆರು ಮಂಚಗಳ ವಾಹನಗಳು ಅದರ ಮೇಲಿನವು. ಆದರೆ "ನಾಲ್ಕು ಮಂಚ" ಎಂದು ಬರೆದಿದ್ದರೆ ನಾಲ್ವರು ವಯಸ್ಕರು ಸುಖವಾಗಿ ಮಲಗಬಹುದೆಂದು ಅರ್ಥವಲ್ಲ. ಚಾಲಕನ ತಲೆಯ ಮೇಲ್ಭಾಗದ ಮಂಚಕ್ಕೆ ಏಣಿ ಹತ್ತಿ, ಬಾಗಿ, ತೆವಳಿಕೊಂಡು ಹೋಗಬೇಕು. ಮಕ್ಕಳಿಗೆ ಅದೊಂದು ಸ್ವರ್ಗ, ಮೊಣಕಾಲು ನೋವಿನವರಿಗೆ ಶಿಕ್ಷೆ. ಹಿಂಭಾಗದ ಆಸನಗಳನ್ನು ರಾತ್ರಿ ಮಂಚವಾಗಿ ಜೋಡಿಸುವ ನಮೂನೆಯಲ್ಲಿ, ಶೌಚಾಲಯದ ಬಾಗಿಲಿಗೆ ಸಮೀಪವಾದ ಕೆಳಗಿನ ಮಂಚವು ಯಾವುದೆಂದು ನಕ್ಷೆಯಲ್ಲಿ ನೋಡಿಕೊಂಡು, ಸುಮಾರು ಏಳು ಮೀಟರ್ ಉದ್ದದ ಆರು ಮಂಚದ ವಾಹನವನ್ನೇ ನಾವು ಗೊತ್ತುಮಾಡಿದೆವು. ಮಲಗುವ ಸ್ಥಳದಂತೆಯೇ ಕುಳಿತುಕೊಳ್ಳುವ ಸ್ಥಳವನ್ನೂ ಎಣಿಸಬೇಕು. ಪ್ರತಿಯೊಬ್ಬರಿಗೂ ಬೆಲ್ಟ್ ಇರುವ ಆಸನ ಬೇಕೇ ಬೇಕು, ಸಣ್ಣ ಮಕ್ಕಳಿಗೆ ಪ್ರತ್ಯೇಕ ಆಸನವನ್ನು ಕಾನೂನೇ ವಿಧಿಸುತ್ತದೆ.

ಶೌಚಾಲಯವು ಸೌಕರ್ಯ ಮಾತ್ರವಲ್ಲ, ಕಾನೂನಿನ ವಿಷಯವೂ ಹೌದು. 2011ರ ಕಾಯಿದೆಗೆ 2023ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಹಣ ತೆರದೆ ಸಾರ್ವಜನಿಕ ಸ್ಥಳಗಳಲ್ಲಿ ರಾತ್ರಿ ತಂಗಬಯಸುವವರ ವಾಹನಕ್ಕೆ "ಸ್ವಯಂಪೂರ್ಣ" ಎಂಬ ಪ್ರಮಾಣಪತ್ರ ಬೇಕಾಗುತ್ತದೆ. ಅದು ದೊರೆಯಬೇಕಾದರೆ ಶೌಚಾಲಯವನ್ನು ಸ್ಥಿರವಾಗಿ ಜೋಡಿಸಿರಬೇಕು. ಎಷ್ಟು ಜನರಿಗೆ ಅನುಮತಿಯೆಂಬುದನ್ನೂ ಅದರಲ್ಲಿ ನಮೂದಿಸಿರುತ್ತಾರೆ. ಪ್ರಮಾಣಪತ್ರವಿದ್ದರೂ ಎಲ್ಲೆಂದರಲ್ಲಿ ಬಿಡಾರ ಹೂಡುವಂತಿಲ್ಲ. ಊರೂರಿನ ಆಡಳಿತದ ನಿಯಮಗಳು ಬೇರೆ ಬೇರೆ, ತಪ್ಪಿದರೆ ದಂಡ ನೂರಾರು ಡಾಲರ್. ಅಲ್ಲಿನ ಸಂರಕ್ಷಣಾ ಇಲಾಖೆಯು ವಾಹನ ಹೋಗಬಲ್ಲ 200ಕ್ಕೂ ಹೆಚ್ಚು ತಂಗುದಾಣಗಳನ್ನು ನಡೆಸುತ್ತದೆ. ಶುಲ್ಕ ಅಲ್ಪ, ಸರೋವರದ ದಂಡೆ, ನಿಶ್ಶಬ್ದ. ಎರಡು ರಾತ್ರಿ ಅಂಥಲ್ಲಿ ಕಳೆದು, ಮೂರನೆಯ ರಾತ್ರಿ ವಿದ್ಯುತ್ ಸಂಪರ್ಕವಿರುವ ಖಾಸಗಿ ತಂಗುದಾಣದಲ್ಲಿ ಇಳಿದು, ಬಟ್ಟೆ ಒಗೆದು, ತೊಟ್ಟಿ ತುಂಬಿಸಿ, ಬಿಸಿನೀರಿನ ಸ್ನಾನ ಮಾಡುವುದು ನಮಗೆ ಒಗ್ಗಿದ ಕ್ರಮ. ಶೌಚಾಲಯದ ಪೆಟ್ಟಿಗೆಯ ಗಾತ್ರ ಹದಿನೆಂಟಿಪ್ಪತ್ತು ಲೀಟರ್ ಮಾತ್ರ. ಐವರಿರುವಲ್ಲಿ ಅದನ್ನು ನಿಯಮಿತ ಸ್ಥಳಕ್ಕೆ ಒಯ್ದು ಬರಿದುಮಾಡುವುದು ಹೆಚ್ಚುಕಡಿಮೆ ನಿತ್ಯಕರ್ಮವೇ. ಈ ಕೆಲಸ ಯಾರದೆಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಡುವುದು ದಾಂಪತ್ಯದ ದೃಷ್ಟಿಯಿಂದ ಒಳ್ಳೆಯದು.

ಇನ್ನು ಹಣದ ವಿಚಾರ. ದಿನದ ಬಾಡಿಗೆಯನ್ನು ಮಾತ್ರ ನೋಡಿ ಹಿಗ್ಗುವವರು ಬ್ಯಾಂಕಿನ ಮೇಜಿನೆದುರು ಬಡ್ಡಿಯ ದರವನ್ನಷ್ಟೇ ಕೇಳಿ ಸಹಿ ಹಾಕುವ ಸಾಲಗಾರರಂತೆ. ಕರಾರುಪತ್ರದಲ್ಲಿ ನಿಜವಾದ ಅಂಕಿಯೆಂದರೆ ಅಪಘಾತವಾದಾಗ ಬಾಡಿಗೆದಾರನು ತೆರಬೇಕಾದ ಹೊಣೆಯ ಮೊತ್ತ. ಉದಾಹರಣೆಗೆ ಅದು 7,500 ಡಾಲರ್ ಇದ್ದು, ಡಾಲರಿಗೆ 50 ರೂಪಾಯಿಯಂತೆ ಎಣಿಸಿದರೆ 3,75,000 ರೂಪಾಯಿ. ದಿನಕ್ಕೆ 45 ಡಾಲರ್ ಹೆಚ್ಚು ಕೊಟ್ಟರೆ ಈ ಹೊಣೆ ಇಳಿಯುತ್ತದೆಯೆನ್ನಿ. 21 ದಿನಕ್ಕೆ 945 ಡಾಲರ್, ಅಂದರೆ 47,250 ರೂಪಾಯಿ. ದುಬಾರಿಯೆನಿಸಿದರೂ ನಾನು ಎರಡನೆಯದನ್ನೇ ಆರಿಸುವವನು, ಏಕೆಂದರೆ ಮೊದಲನೆಯ ಮೊತ್ತ ಮಗಳ ಕಾಲೇಜಿನ ಶುಲ್ಕದಿಂದ ಹೋಗತಕ್ಕದ್ದು. ಪೂರ್ಣ ವಿಮೆ ಮಾಡಿಸಿದರೂ ಮಾಡಿನ ಮತ್ತು ತಳಭಾಗದ ಹಾನಿ, ತಪ್ಪು ಇಂಧನ ತುಂಬಿಸುವುದು, ನೀರಿನಲ್ಲಿ ಮುಳುಗಿಸುವುದು, ನಿಷಿದ್ಧ ರಸ್ತೆಯ ಪಯಣ ಇವು ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ. ಕ್ವೀನ್ಸ್‌ಟೌನ್ ಬಳಿಯ ಸ್ಕಿಪ್ಪರ್ಸ್ ಕಣಿವೆಯ ರಸ್ತೆ, ಉತ್ತರದ ನೈಂಟಿ ಮೈಲ್ ಬೀಚ್ ಬಹುತೇಕ ಕರಾರುಗಳಲ್ಲಿ ನಿಷಿದ್ಧ.

ಠೇವಣಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಕೆಲವು ಸಂಸ್ಥೆಗಳು ಕ್ರೆಡಿಟ್ ಕಾರ್ಡಿನಲ್ಲಿ ಮೊತ್ತವನ್ನು ಬ್ಲಾಕ್ ಮಾಡುತ್ತವೆ, ಕೆಲವು ವಾಸ್ತವವಾಗಿಯೇ ಪಡೆದು ಕೊನೆಗೆ ಹಿಂತಿರುಗಿಸುತ್ತವೆ. ಎರಡನೆಯ ಪದ್ಧತಿಯಲ್ಲಿ ಹೋಗುವ ದಿನದ ದರ ಬೇರೆ, ಬರುವ ದಿನದ ದರ ಬೇರೆ. ಜೊತೆಗೆ ನಮ್ಮ ಕಾರ್ಡುಗಳು ಪರದೇಶದ ವ್ಯವಹಾರಕ್ಕೆ ಶೇಕಡಾ 2ರಿಂದ 3.5ರವರೆಗೆ ಹೆಚ್ಚುವರಿ ಶುಲ್ಕ ಹಾಕುವುದು ಸಾಮಾನ್ಯ. ಮೇಲಿನ ಮೊತ್ತಕ್ಕೆ ಶೇಕಡಾ 3.5 ಎಂದರೆ 13,125 ರೂಪಾಯಿ, ಒಂದು ಗೀರೂ ಬೀಳದ ವಾಹನಕ್ಕೆ! ಹೊಣೆ ಇಳಿಸಿಕೊಂಡರೆ ಠೇವಣಿಯೂ ಇಳಿಯುವುದುಂಟು. ಕಾಯ್ದಿರಿಸುವ ಮೊದಲೇ ಇದನ್ನು ಲಿಖಿತವಾಗಿ ಕೇಳಿ ತಿಳಿಯಬೇಕು. ಡೀಸೆಲ್ ವಾಹನಕ್ಕೆ ಓಡಿದ ಕಿಲೋಮೀಟರಿನಂತೆ ರಸ್ತೆ ತೆರಿಗೆಯೂ ಪ್ರತ್ಯೇಕವಾಗಿ ಸೇರುತ್ತದೆ.

ಕಾಲದ ಆಯ್ಕೆಯಲ್ಲಿ ನಮಗೆ ಸ್ವಾತಂತ್ರ್ಯ ಕಡಿಮೆ. ನಮ್ಮ ಮೇ ತಿಂಗಳ ರಜೆಯೆಂದರೆ ಅಲ್ಲಿ ಚಳಿಗಾಲದ ಹೊಸ್ತಿಲು. ಬಾಡಿಗೆ ಇಳಿದಿರುತ್ತದೆ, ಆದರೆ ರಾತ್ರಿಗಳು ಕೊರೆಯುತ್ತವೆ. ಡಿಸೆಂಬರ್, ಜನವರಿಯಲ್ಲಿ ಹವೆ ಸೊಗಸು, ಬಾಡಿಗೆ ಗಗನಕ್ಕೆ. ದೀಪಾವಳಿಯ ರಜೆ ಅಲ್ಲಿನ ವಸಂತ. ನಾವು ಆರಿಸಿದ್ದು ಅದನ್ನೇ. ಮಿಲ್ಫರ್ಡ್ ಸೌಂಡಿಗೆ ಹೋಗುವ ದಾರಿಯಲ್ಲಿ, 1954ರಲ್ಲಿ ತೆರೆದ ಹೋಮರ್ ಸುರಂಗದ ಆಸುಪಾಸಿನಲ್ಲಿ, ಆಗಲೂ ಹಿಮವಿತ್ತು.

ವಾಹನ ನಡೆಸುವುದು ನಮ್ಮವರಿಗೆ ಕಠಿಣವಲ್ಲ. ಅಲ್ಲಿಯೂ ಎಡಬದಿಯ ಸಂಚಾರ, ಚಾಲಕನ ಸ್ಥಾನ ಬಲಕ್ಕೆ. ಇಂಗ್ಲಿಷಿನಲ್ಲಿರುವ ಭಾರತೀಯ ಕಾರು ಲೈಸೆನ್ಸ್ ಪ್ರವಾಸಿಗನಿಗೆ ಸಾಕಾಗುತ್ತದೆ. ಮೂರೂವರೆ ಟನ್ ಮೀರಿದ ವಾಹನಕ್ಕೆ ವೇಗದ ಮಿತಿ ಗಂಟೆಗೆ 90 ಕಿಲೋಮೀಟರ್. ಅದನ್ನು ತಲಪುವ ಅವಸರವೂ ಬೇಡ; ಒಂದೇ ವಾಹನ ದಾಟಬಲ್ಲ ಸೇತುವೆಗಳೂ ತಿರುವುಗಳೂ ಬಹಳ. ದಿನಕ್ಕೆ 200 ಕಿಲೋಮೀಟರಿನ ಆಸುಪಾಸಿನಲ್ಲಿ ನಿಲ್ಲಿಸುವುದೆಂದು ನಾವು ನಿಶ್ಚಯಿಸಿದ್ದೆವು. ಎರಡು ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆದರೆ ಕಾಲಿನ ರಕ್ತಸಂಚಾರಕ್ಕೂ ಒಳಿತು, ಚಾಲಕನ ಕಣ್ಣಿಗೂ ಒಳಿತು.

ಔಷಧಗಳನ್ನು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಂದಿಗೆ ಒಯ್ಯಬೇಕು. ಹಸಿ ಕರಿಬೇವು, ಹಣ್ಣು, ಜೇನುತುಪ್ಪ ಬೇಡವೇ ಬೇಡ. ಒಯ್ದ ತಿಂಡಿಯನ್ನೆಲ್ಲ ವಿಮಾನ ನಿಲ್ದಾಣದಲ್ಲಿ ಘೋಷಿಸದಿದ್ದರೆ 400 ಡಾಲರ್ ದಂಡ. ಬೇಳೆ, ಸಾಂಬಾರು ಪುಡಿಗಳಿಗೆ ಆಕ್ಲೆಂಡಿನ ಸ್ಯಾಂಡ್ರಿಂಗ್‌ಹ್ಯಾಮ್ ರಸ್ತೆಯ ಭಾರತೀಯ ಅಂಗಡಿಗಳಿವೆ. ವ್ಯಾನಿನ ಬ್ಯಾಟರಿಯು ದೀಪಕ್ಕೆ, ನೀರಿನ ಪಂಪಿಗೆ ಸಾಕು. ಮಿಕ್ಸರ್ ಓಡಿಸಲು ವಿದ್ಯುತ್ ಸಂಪರ್ಕವಿರುವ ತಂಗುದಾಣವೇ ಆಗಬೇಕು. ಗ್ಯಾಸಿನ ಒಲೆ ಉರಿಯುವಾಗ ಕಿಟಕಿ ತೆರೆದಿರಲೇಬೇಕು, ಚಳಿಯೆಂದು ಒಲೆ ಹಚ್ಚಿಟ್ಟು ಮಲಗುವುದು ವಿಷಾನಿಲಕ್ಕೆ ಕೊರಳೊಡ್ಡಿದಂತೆ. ಒಗ್ಗರಣೆಗೆ ಹೊಗೆಯ ಗಂಟೆ ಬಡಿದುಕೊಳ್ಳುತ್ತದೆ, ಅದನ್ನು ಬಿಚ್ಚಿಡಬಾರದು. 1974ರಲ್ಲಿ ಆರಂಭವಾದ ಅಲ್ಲಿನ ಅಪಘಾತ ಪರಿಹಾರ ಯೋಜನೆಯು ಪ್ರವಾಸಿಗರ ಗಾಯಗಳಿಗೂ ಅನ್ವಯಿಸುತ್ತದೆ. ಕಾಯಿಲೆಗೆ ಮಾತ್ರ ಅನ್ವಯಿಸುವುದಿಲ್ಲ. ರಕ್ತದೊತ್ತಡವನ್ನು ಬಹಿರಂಗವಾಗಿ ನಮೂದಿಸಿದ ಪ್ರವಾಸ ವಿಮೆ ಆದುದರಿಂದ ಅನಿವಾರ್ಯ.

ಟೆಕಾಪೊ ಸರೋವರದ ದಂಡೆಯಲ್ಲಿ ಮೂರನೆಯ ದಿನ ತಂದೆಯವರು ತಾವಾಗಿಯೇ ಎರಡನೆಯ ಲೋಟ ನೀರು ಕೇಳಿ ಕುಡಿದರು. ನನ್ನ ಪತ್ನಿ ನನ್ನತ್ತ ನೋಡಿದಳು, ಯಾರೂ ಏನೂ ಹೇಳಲಿಲ್ಲ.

ವಾಹನವನ್ನು ಪಡೆಯುವಾಗ ಮಾಡು, ಗಾಜು, ಗಾಲಿಗಳ ಛಾಯಾಚಿತ್ರ ತೆಗೆದುಕೊಳ್ಳಿ, ಒಪ್ಪಿಸುವಾಗಲೂ ತೆಗೆಯಿರಿ. ಇಂಧನ ತುಂಬಿಸಿ, ಶೌಚಾಲಯದ ಪೆಟ್ಟಿಗೆ ಬರಿದುಮಾಡಿ, ಪಾತ್ರೆ ತೊಳೆದಿಟ್ಟು, "ಹಾನಿಯಿಲ್ಲ" ಎಂಬ ಸಹಿಯನ್ನು ಅಲ್ಲಿಯೇ ಪಡೆಯಬೇಕು. ಠೇವಣಿ ನಮ್ಮ ಖಾತೆಗೆ ಮರಳಲು ಕೆಲವು ವಾರಗಳಾಗಬಹುದಾದುದರಿಂದ, ಆ ತಿಂಗಳ ಕಾರ್ಡಿನ ಬಿಲ್ಲಿಗೆ ಬೇರೆ ಹಣವನ್ನು ಮೊದಲೇ ತೆಗೆದಿಟ್ಟು ವಿಮಾನ ಹತ್ತಿರಿ.