ಹೆಚ್ಚುವರಿ ಸಮಯ ಔದಾರ್ಯವಲ್ಲ, ಹಕ್ಕು

ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಯೊಬ್ಬರಿಗೆ ಯುಪಿಎಸ್‌ಸಿ ಲಿಪಿಕಾರರನ್ನು ನಿರಾಕರಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿತು: ಅಂಗವೈಕಲ್ಯ ಶೇ 40ರ ಗಡಿ ಮುಟ್ಟದಿದ್ದರೂ ಸಮಂಜಸ ಅನುಕೂಲ ಪಡೆಯುವುದು ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲಿಟ್ಟಿದೆ. ಸೀಟು ಸಿಕ್ಕಿಯೂ ಪಾಠ ದಕ್ಕದಿದ್ದರೆ ಏನು ಫಲ? ಪ್ರಾಧ್ಯಾಪಕರು ಬೋರ್ಡಿನತ್ತ ತಿರುಗಿ ಮಾತಾಡಿದರೆ ತುಟಿ ಚಲನೆ ನೋಡಿ ಅರಿಯುವವರಿಗೆ ಪಾಠ ಅಲ್ಲಿಗೇ ಕಡಿಯಿತು. ಅಕ್ಷರಗಳೆಲ್ಲ ಬರೀ ಚಿತ್ರವಾಗಿರುವ ಸ್ಕ್ಯಾನ್ ನೋಟ್ಸನ್ನು ಸ್ಕ್ರೀನ್ ರೀಡರ್ ಓದಲಾರದು. ಇವನ್ನು ಸರಿಪಡಿಸಲು ಹಣಕ್ಕಿಂತ ಗಮನ ಬೇಕು.

ಪರೀಕ್ಷೆಯಲ್ಲಿ ಅಂಗವಿಕಲರಿಗೆ ಗಂಟೆಗೆ 20 ನಿಮಿಷ ಹೆಚ್ಚು ಕೊಟ್ಟರೆ ಉಳಿದವರಿಗೆ ಅನ್ಯಾಯವಲ್ಲವೇ ಎಂಬ ಆಕ್ಷೇಪವಿದೆ. ಆದರೆ ಪ್ರಶ್ನೆಯೂ ಅದೇ, ಮೌಲ್ಯಮಾಪನವೂ ಅದೇ. ಅಳೆಯಬೇಕಾದದ್ದು ಅರ್ಥಶಾಸ್ತ್ರದ ತಿಳಿವಳಿಕೆಯನ್ನೇ ಹೊರತು ಬೆರಳಿನ ವೇಗವನ್ನಲ್ಲ. ವೇಗವೇ ಕೌಶಲವಾದ ಶೀಘ್ರಲಿಪಿಯಂಥ ಕಡೆ ಮಾತು ಬೇರೆ. ಪದವಿ ತರಗತಿಗಳಲ್ಲಿ ಅಂಥ ವಿಷಯಗಳು ತೀರಾ ವಿರಳ.