ನಿಮಗಿದು ಗೊತ್ತೆ? ಮೂರ್ಛೆರೋಗದ ಔಷಧ ಹೃದಯದ ಮಾತ್ರೆಯ ಬಲ ಕುಗ್ಗಿಸಬಲ್ಲದು

ಅಪಸ್ಮಾರ ಅಥವಾ ಮೂರ್ಛೆರೋಗಕ್ಕೆ 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್ ಹಾಗೂ ಅದರ ನಂತರ ಬಂದ ಫಿನೈಟಾಯಿನ್, ಕಾರ್ಬಮಜೆಪಿನ್ ಎಂಬ ಔಷಧಗಳು, ಯಕೃತ್ತಿನಲ್ಲಿ ಔಷಧಗಳನ್ನು ವಿಘಟಿಸುವ ಕಿಣ್ವಗಳ, ಅಂದರೆ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳ, ಪ್ರಮಾಣವನ್ನು ಹೆಚ್ಚಿಸುತ್ತವೆ. ಇದರಿಂದಾಗಿ, ಹೃದಯದ ಬಡಿತವನ್ನು ನಿಧಾನಗೊಳಿಸಿ ರಕ್ತದೊತ್ತಡವನ್ನು ತಗ್ಗಿಸುವ ಬೀಟಾ ಬ್ಲಾಕರ್ ವರ್ಗದ ಪ್ರೊಪ್ರನಲಾಲ್, ಮೆಟೊಪ್ರೊಲಾಲ್‌ಗಳು ಬೇಗನೆ ವಿಘಟನೆಗೊಂಡು, ರೋಗಿ ಎಂದಿನಷ್ಟೇ ಮಾತ್ರೆ ಸೇವಿಸಿದರೂ ರಕ್ತದಲ್ಲಿ ಅವುಗಳ ಮಟ್ಟ ಇಳಿಯುತ್ತದೆ. ಬಹುಮಟ್ಟಿಗೆ ಮೂತ್ರಪಿಂಡಗಳ ಮೂಲಕವೇ ಹೊರಹೋಗುವ, ಅದೇ ವರ್ಗದ ಅಟೆನೊಲಾಲ್‌ಗೆ ಈ ತೊಡಕು ಅಷ್ಟಾಗಿ ಇಲ್ಲ. ಮೂರ್ಛೆರೋಗದ ಬೇರೆ ಔಷಧಗಳಾದ ವಾಲ್ಪ್ರೊಯೇಟ್, ಲೆವೆಟಿರಸೆಟಮ್‌ಗಳು ಕಿಣ್ವಗಳನ್ನು ಹೀಗೆ ಪ್ರಚೋದಿಸುವುದೂ ಇಲ್ಲ.

ಹೆಚ್ಚು ಎಚ್ಚರ ಬೇಡುವುದು, ಆದರೆ ಸುಲಭವಾಗಿ ಮರೆತುಹೋಗುವುದು, ಇದಕ್ಕೆ ವಿರುದ್ಧವಾದ ಸ್ಥಿತಿ: ವೈದ್ಯರು ಮೂರ್ಛೆರೋಗದ ಔಷಧವನ್ನು ನಿಲ್ಲಿಸಿದಾಗ ಅಥವಾ ಬದಲಿಸಿದಾಗ ಕಿಣ್ವಗಳು ಕೆಲವು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳುವುದರಿಂದ, ಅದುವರೆಗೆ ಸರಿಹೊಂದುತ್ತಿದ್ದ ಬೀಟಾ ಬ್ಲಾಕರ್‌ನ ಪ್ರಮಾಣವೇ ಅತಿಯಾಗಿ, ನಾಡಿ ತೀರ ನಿಧಾನಗೊಂಡು ತಲೆಸುತ್ತು ಬರಬಹುದು. ಕಾರ್ಬಮಜೆಪಿನ್ ತಾನೇ ಕೆಲವರಲ್ಲಿ, ವಿಶೇಷವಾಗಿ ವಯಸ್ಸಾದವರಲ್ಲಿ, ಹೃದಯದೊಳಗಿನ ವಿದ್ಯುತ್ ಸಂಕೇತಗಳ ಹರಿವನ್ನು ತಡೆಯಬಲ್ಲುದಾದ್ದರಿಂದ, ಅದರೊಂದಿಗೆ ಬೀಟಾ ಬ್ಲಾಕರ್ ಸೇವಿಸುವವರ ನಾಡಿಬಡಿತದ ಮೇಲೆ ನಿಗಾ ಅಗತ್ಯ. ರೋಗಿ ಎರಡರಲ್ಲಿ ಯಾವುದನ್ನೇ ಆಗಲಿ ತಾನಾಗಿ ಹಠಾತ್ತನೆ ಬಿಟ್ಟರೆ ಮೂರ್ಛೆ ಮರುಕಳಿಸುವ, ಇಲ್ಲವೇ ಹೃದ್ರೋಗದ ಎದೆನೋವು ಉಲ್ಬಣಿಸುವ ಅಪಾಯವಿದೆ.